ಅತ್ತೆಯ ಹಾಸಿಗೆಯಡಿಯ ನಲವತ್ತು ಗಿಡ

ಆ ಮನೆಯಲ್ಲಿ ಎಲೆಕೋಸಿಗೆ ಇದ್ದ ಮರ್ಯಾದೆ ಬಂದ ನೆಂಟರಿಗೂ ಇರಲಿಲ್ಲ. ಅತ್ತೆ ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗಿ, ಇದ್ದುದರಲ್ಲಿ ದೊಡ್ಡ ಕೋಸನ್ನು ತಟ್ಟಿ ತಿರುಗಿಸಿ ಆರಿಸಿ, ಬಲೆಚೀಲಕ್ಕೆ ಹಾಕಿಕೊಂಡು, ಹತ್ತಿರದ ಓಣಿ ಬಿಟ್ಟು ಬೇಕೆಂದೇ ದೊಡ್ಡ ಬೀದಿ ಸುತ್ತಿ ಮನೆಗೆ ಬರುತ್ತಿದ್ದರು. ಚೀಲ ಬಲೆಯದೇ ಆಗಬೇಕು. ಒಳಗೇನಿದೆ ಎಂದು ಬೀದಿಗೆ ಕಾಣಬೇಕು. ಮೂವತ್ತು ವರ್ಷ ಆ ಬೀದಿಯನ್ನು ಗುಡಿಸಿ ನಿವೃತ್ತರಾದವರು ಅವರು. ಈಗ ಅದೇ ಬೀದಿಯಲ್ಲಿ, ಪೊರಕೆ ಹಿಡಿದ ಕೈಯಲ್ಲೇ, ಕೊಂಡು ತಂದ ತರಕಾರಿ ತೂಗಾಡಿಸಿಕೊಂಡು ನಡೆಯುವುದು ಅವರ ಮಟ್ಟಿಗೆ ಪಿಂಚಣಿಗಿಂತ ದೊಡ್ಡ ಸಂಗತಿ.

ಇಂಥ ಮನೆಗೆ ಸೊಸೆ ಒಂದು ಭಾನುವಾರ ಮಧ್ಯಾಹ್ನ ಎರಡು ಹಿಡಿ ಗೋಣಿಸೊಪ್ಪು ತಂದಳು. ಬೇರು, ಮಣ್ಣು ಸಮೇತ.

"ಏನಮ್ಮಾ ಇದು?" ಅತ್ತೆ ಕೇಳಿದರು. ಗೊತ್ತಿಲ್ಲದೆ ಕೇಳಿದ ಹಾಗಿರಲಿಲ್ಲ.

"ಗೋಣಿಸೊಪ್ಪು ಅತ್ತೆ. ಇವತ್ತು ತರಗತೀಲಿ ತೋರಿಸಿದ್ರು. ಬೇಳೆ ಜೊತೆ ಬೇಯಿಸಿದ್ರೆ ತುಂಬಾ ಚೆನ್ನಾಗಿರುತ್ತಂತೆ."

"ಎಲ್ಲಿ ಕೊಂಡೆ?"

"ಕೊಳ್ಳಲಿಲ್ಲ. ಹಿಂದಿನ ಖಾಲಿ ಸೈಟಲ್ಲಿ ತಾನಾಗೇ ಬೆಳೆದಿದೆ."

ಅತ್ತೆ ಕೈಲಿದ್ದ ಚಾಕು ಕೆಳಗಿಟ್ಟರು. "ದಾರೀಲಿ ಬೆಳೆದದ್ದು ದಾರೀಲೇ ಇರಲಿ. ನನ್ನ ಒಲೆ ಮೇಲೆ ಅದು ಏರಕೂಡದು."

ಸೊಸೆಗೆ ಈ ಸೊಪ್ಪಿನ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಳು. ಊರಿನವರ ರಕ್ತ, ಕೀವು, ವಾಂತಿ ಅಂಟಿದ ಹಾಸುಬಟ್ಟೆಗಳು ಬೆಳಿಗ್ಗೆ ಅವಳೆದುರು ಗುಡ್ಡೆ ಬೀಳುತ್ತಿದ್ದವು, ಸಂಜೆಗೆ ಬೆಳ್ಳಗಾಗಿ ವಾರ್ಡುಗಳಿಗೆ ಹೋಗುತ್ತಿದ್ದವು. ಬಿಳುಪು ಬರುವುದು ಬ್ಲೀಚಿನಿಂದ. ಬ್ಲೀಚು ಬರುವುದು ಡ್ರಮ್ಮಿನಲ್ಲಿ. ಕೈಗವಸು ಮಾತ್ರ ಹನ್ನೊಂದು ವರ್ಷದಿಂದಲೂ ಬರುವುದು ಮುಂದಿನ ತಿಂಗಳು. ಅವಳ ಬೆರಳ ಸಂದುಗಳು ಬಿರಿದು, ಹಿಟ್ಟು ನಾದಿದರೆ ಹಿಟ್ಟಿಗೆ ಕೆಂಪು ತಾಗುತ್ತಿತ್ತು. ಅದೇ ಆಸ್ಪತ್ರೆಯ ಚರ್ಮದ ಡಾಕ್ಟರು ಪರೀಕ್ಷಿಸಿ ಚೀಟಿಯಲ್ಲಿ ಬರೆದುಕೊಟ್ಟರು: ಬ್ಲೀಚ್ ಮುಟ್ಟಬಾರದು. ಆ ಚೀಟಿ ಜೇಬಲ್ಲಿಟ್ಟುಕೊಂಡೇ ಅವಳು ಮರುದಿನವೂ ಡ್ರಮ್ಮಿಗೆ ಕೈ ಹಾಕಿದಳು.

ಹೀಗಿರುವಾಗ ಆಸ್ಪತ್ರೆಯಲ್ಲಿ ಗಿಡಮೂಲಿಕೆ ವಿಭಾಗ ತೆರೆಯುತ್ತಾರೆ ಎಂಬ ಸುದ್ದಿ ಬಂತು. ಸೊಪ್ಪು, ಬೇರು ಆರಿಸಿ ಒಣಗಿಸಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಒಳಗಿನ ನೌಕರರಲ್ಲೇ ಇಬ್ಬರು ಬೇಕು. ಆರು ತಿಂಗಳು ಭಾನುವಾರದ ತರಗತಿಗೆ ಕೂತು, ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು ತೆಗೆಯಬೇಕು. ಸೊಸೆ ಹೆಸರು ಬರೆಸಿದಳು. ಎಪ್ಪತ್ತು ಎಂದರೆ ಒಣ ಕೋಣೆ, ಒಣ ಕೈ. ಅರವತ್ತೊಂಬತ್ತು ಎಂದರೆ ಮತ್ತೆ ಡ್ರಮ್ಮು.

ಕಲಿತದ್ದನ್ನು ಬೇಯಿಸಿ ತಿಂದು ನೋಡದೆ ಅವಳಿಗೆ ತಲೆಗೆ ಹತ್ತುತ್ತಿರಲಿಲ್ಲ. ಅತ್ತೆಯ ಒಲೆ ಸಿಗದ ಮೇಲೆ ಗಂಡನ ಒಲೆ ಕೇಳಿದಳು. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಗೋಂದು ಕಾಯಿಸುವ ಸಣ್ಣ ಸೀಮೆಎಣ್ಣೆ ಸ್ಟೌವ್ ಒಂದಿತ್ತು. ಅದು ಹಿತ್ತಿಲ ಬಾಗಿಲ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿತು. ಅಂದಿನಿಂದ ಮನೆಯಲ್ಲಿ ಎರಡು ಅಡುಗೆ. ಒಳಗೆ ಕೋಸು, ಹೊರಗೆ ಕಳೆ.

ಊಟಕ್ಕೆ ಕೂತಾಗ ಯುದ್ಧ.

"ಅಜ್ಜೀ, ಒಂದು ತುತ್ತು ನೋಡು. ಹುಳಿಹುಳಿಯಾಗಿದೆ," ಎಂದಳು ಮಗಳು. ಹದಿನಾಲ್ಕು ವರ್ಷದವಳು. ನಾಲಿಗೆಯ ಖಾರಕ್ಕೆ ಮನೆಯವರೆಲ್ಲ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು.

"ನೀನೇ ತಿನ್ನು. ನಿಮ್ಮಮ್ಮ ಓದ್ತಿದಾಳೆ. ಓದಿದವರು ಹುಲ್ಲು ತಿಂದ್ರೂ ಚೆಂದ."

"ಹುಲ್ಲಲ್ಲ ಅಜ್ಜಿ. ಇದ್ರಲ್ಲಿ ಕಬ್ಬಿಣ ಇದೆ."

"ಕಬ್ಬಿಣ ಬೇಕಿದ್ರೆ ಹೋಗಿ ಗೇಟು ನೆಕ್ಕು."

ಪೇಂಟರ್ ಎರಡೂ ಬಟ್ಟಲಿಂದ ಬಡಿಸಿಕೊಂಡ. "ಅಮ್ಮನ ಕೋಸೂ ಇರಲಿ, ಇವಳ ಸೊಪ್ಪೂ ಇರಲಿ. ನನಗೆ ಎರಡೂ ಒಂದೇ."

"ನಿಂದು ಹೊಟ್ಟೆಯಲ್ಲ ಕಣೋ, ಗುಜರಿ ಅಂಗಡಿ," ಎಂದರು ಅತ್ತೆ.

ಸೊಸೆ ನಕ್ಕಳು. ನಕ್ಕದ್ದು ಅತ್ತೆಗೆ ತಾಗಿತು.

"ನಗು. ನಾಳೆ ಬೀದಿಯವರು ನಗ್ತಾರೆ. ಕೊಳ್ಳೋಕೆ ಗತಿಯಿಲ್ಲ, ಬೇಲಿ ಸಾಲಲ್ಲಿ ಮೇಯ್ತಾರೆ ಅಂತಾರೆ."

"ನಾನೇನು ಕದ್ದು ತಂದೆನಾ ಅತ್ತೆ?"

"ಕದ್ದಿದ್ರೂ ಚಿಂತೆ ಇರ್ಲಿಲ್ಲ. ಕದ್ದ ವಸ್ತುಗೆ ಒಂದು ಬೆಲೆಯಾದ್ರೂ ಇರುತ್ತೆ."

"ಇದರ ಪುಡೀನೇ ಔಷಧಿ ಅಂಗಡೀಲಿ ಗಾಜಿನ ಸೀಸೆಗೆ ತುಂಬಿ ಮಾರ್ತಾರೆ. ಅದೇ ಬೀದಿಯವರು ಚಮಚೇಲಿ ಅಳೆದು ತಿಂತಾರೆ."

"ಸೀಸೇಲಿ ಬಂದ್ರೆ ಔಷಧಿ, ಮಡಿಲಲ್ಲಿ ಬಂದ್ರೆ ದರಿದ್ರ. ನಿಂಗದು ಗೊತ್ತಿಲ್ಲ ಬಿಡು."

"ಸರಿ. ನಿಮ್ಮ ಕೋಸಿನಿಂದ ನನ್ನ ಕೈ ವಾಸಿಯಾಗುತ್ತಾ? ಅದನ್ನಾದ್ರೂ ಹೇಳಿ."

ಅತ್ತೆ ಸೊಸೆಯ ಕೈ ನೋಡಿದರು. ಎದ್ದು, ಪಾತ್ರೆಗಳನ್ನೆಲ್ಲ ಬೇಕಾದ್ದಕ್ಕಿಂತ ಜೋರಾಗಿ ಉಜ್ಜಿದರು. ಅಂದಿನಿಂದ ಪಾತ್ರೆ ತೊಳೆಯುವ ಕೆಲಸ ಅವರದೇ ಆಯಿತು. "ನೀನು ತೊಳೆದ್ರೆ ಜಿಡ್ಡು ಹೋಗಲ್ಲ" ಎನ್ನುವುದು ಅವರು ಕೊಟ್ಟ ಕಾರಣ.

ಪರೀಕ್ಷೆಯ ಅಂಕಗಳಲ್ಲಿ ಅರ್ಧದಷ್ಟು ಒಂದು ಕಡತಕ್ಕೆ. ನಲವತ್ತು ಗಿಡಗಳನ್ನು ಬೇರು, ಎಲೆ, ಹೂವಿನ ಸಮೇತ ಕಿತ್ತು, ಹಳೇ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಬೇಕು. ಆಮೇಲೆ ದಪ್ಪ ಹಾಳೆಗೆ ದಾರದಿಂದ ಹೊಲಿದು, ಪಕ್ಕದಲ್ಲಿ ಹೆಸರು, ಸಿಕ್ಕ ಜಾಗ, ಯಾವ ರೋಗಕ್ಕೆ ಬರುತ್ತದೆ ಎಂಬುದನ್ನು ಬರೆಯಬೇಕು. ಒತ್ತುವುದಕ್ಕೆ ಭಾರ ಬೇಕು. ಆ ಮನೆಯಲ್ಲಿ ಎಲ್ಲಕ್ಕಿಂತ ಭಾರವಾಗಿದ್ದದ್ದು ಅತ್ತೆ.

ಅತ್ತೆ ಮಾರುಕಟ್ಟೆಗೆ ಹೋದ ಹೊತ್ತು ನೋಡಿ ಸೊಸೆ ಅವರ ಹಲಗೆ ಮಂಚದ ಹಾಸಿಗೆ ಎತ್ತಿ ಪತ್ರಿಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಒಣಗಿದ್ದು ತೆಗೆದು ಹಸಿಯದ್ದು ಇಡುತ್ತಿದ್ದಳು. ಮೂರು ತಿಂಗಳು ಅತ್ತೆಗೆ ಗೊತ್ತಾಗಲಿಲ್ಲ. ಒಂದು ಸಂಜೆ ಅತ್ತೆ ಟೀ ಕುಡಿಯುತ್ತಾ, "ಈಚೆಗೆ ಯಾಕೋ ನನ್ನ ಬೆನ್ನುನೋವು ಹಗುರಾಗಿದೆ" ಎಂದದ್ದೇ ತಡ, ಮೆಣಸು ಬಾಯಲ್ಲಿದ್ದ ಟೀಯನ್ನು ಮೂಗಿನಿಂದ ಹೊರಬಿಟ್ಟಳು. ಗುಟ್ಟು ಅವಳ ಬಾಯಲ್ಲಿ ಅಷ್ಟು ದಿನ ನಿಂತದ್ದೇ ಹೆಚ್ಚು.

ಅತ್ತೆ ಹೋಗಿ ಹಾಸಿಗೆ ಎತ್ತಿ ನೋಡಿದರು.

"ಮೂರು ತಿಂಗಳಿಂದ ನನ್ನನ್ನ ಕಳೆ ಮೇಲೆ ಮಲಗಿಸಿದ್ದೀಯಾ?"

"ತೆಗೆದುಬಿಡ್ತೀನಿ ಅತ್ತೆ."

ಅತ್ತೆ ಹಾಸಿಗೆ ಕೆಳಗಿಳಿಸಿ ಕೈಯಿಂದ ಸರಿಮಾಡಿದರು. "ಬೇಡ. ತೆಗೆದ ಮೇಲೆ ಬೆನ್ನು ಹಿಡ್ಕೊಂಡ್ರೆ ಯಾರು ನೀವೋದು? ಒಲೆ ಮೇಲೆ ಬೇಡ ಅಂದಿದ್ದೆ. ಹಾಸಿಗೆ ವಿಷಯ ಅಂದಿರ್ಲಿಲ್ಲ."

ನಲವತ್ತೂ ಮುಗಿದದ್ದು ಕಡತ ಒಪ್ಪಿಸುವುದಕ್ಕೆ ವಾರ ಮುಂಚೆ. ಆ ಶನಿವಾರ ಸೊಸೆ ಕೆಲಸ ಮುಗಿಸಿ ಬಂದರೆ, ನಡುಮನೆಯ ಗೋಡೆಗೆ ನಲವತ್ತು ಹಾಳೆಗಳೂ ಸಾಲಾಗಿ ಒರಗಿ ನಿಂತಿದ್ದವು. ಒಂದೊಂದು ಎಲೆಯೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪೇಂಟರ್ ಕುಂಚ ಒರೆಸುತ್ತಾ, ಬಹುಮಾನ ಗೆದ್ದವನ ಮುಖದಲ್ಲಿ ನಿಂತಿದ್ದ.

"ಮೂರು ಕೋಟು ವಾರ್ನಿಷ್ ಕಣೇ. ಒಳ್ಳೇ ಡಬ್ಬಾನೇ ಒಡೆದೆ. ಇನ್ನಿಪ್ಪತ್ತು ವರ್ಷ ಮಳೆ ಬರಲಿ, ಗಾಳಿ ಬರಲಿ, ನಿನ್ನ ಗಿಡಕ್ಕೆ ಏನೂ ಆಗಲ್ಲ."

ಸೊಸೆ ಹಾಳೆಗಳನ್ನು ಒಂದೊಂದಾಗಿ ಎತ್ತಿ ಕಟ್ಟಿದಳು. ನಡೆದರೂ ನಡೆಯಬಹುದು ಎಂದು ಭಾನುವಾರ ಕಡತ ತೆಗೆದುಕೊಂಡು ಹೋದಳು. ತರಗತಿಯ ಮೇಷ್ಟ್ರು ಮೊದಲನೇ ಹಾಳೆ ಮೂಸಿದರು, ಎರಡನೆಯದು ಮೂಸಿದರು, ಹತ್ತನೆಯದು ಮೂಸಿ ಕನ್ನಡಕ ತೆಗೆದರು.

"ಎಲ್ಲಾ ಗಿಡಕ್ಕೂ ಕುರ್ಚಿ ವಾಸನೆ ಬರ್ತಿದೆಯಲ್ಲಮ್ಮಾ."

"ನಡೆಯಲ್ವಾ ಸರ್?"

"ಪರೀಕ್ಷಕರು ಎಲೆ ಉಜ್ಜಿ, ಮೂಸಿ ನೋಡ್ತಾರೆ. ಇದನ್ನ ಮುಟ್ಟೋದೂ ಇಲ್ಲ. ಮುಂದಿನ ಶನಿವಾರ ಐದು ಗಂಟೆ ತನಕ ಸಮಯ ಇದೆ. ಹೊಸದಾಗಿ ಮಾಡೋಕಾಗುತ್ತಾ ನೋಡು."

ಮನೆಗೆ ಬಂದು ಅವಳು ಮೆಟ್ಟಿಲ ಮೇಲೆ ಕೂತಳು. ಗಂಡ ಎರಡು ಮೆಟ್ಟಿಲು ಕೆಳಗೆ ಕೂತ.

"ಬಯ್ಯೇ, ಒಂದ್ಸಲ ಚೆನ್ನಾಗಿ ಬಯ್ದುಬಿಡು."

"ಬಯ್ದ್ರೆ ವಾರ್ನಿಷ್ ಬಿಡುತ್ತಾ ರೀ?"

ಖಾಲಿ ಸೈಟಿನಲ್ಲಿ ಕೆಲವಾದರೂ ಸಿಕ್ಕಾವು ಎಂದು ಎದ್ದು ಹೋದಳು. ನಗರಸಭೆಯವರು ಹಿಂದಿನ ದಿನವೇ ಯಂತ್ರ ತಂದು ಅದನ್ನು ಬೋಳು ಕೆರೆದುಹೋಗಿದ್ದರು. ನಾಲ್ಕು ವರ್ಷ ಆ ಜಾಗದಲ್ಲಿ ಕಸ ಕೊಳೆತಾಗ ಬಾರದ ಯಂತ್ರ ಹಸಿರು ಕಂಡ ಕೂಡಲೇ ಬಂದಿತ್ತು. ನಡುವೆ ಒಂದು ಹೊಸ ಬೋರ್ಡು: ಸ್ವಚ್ಛತೆ ಕಾಪಾಡಿ. ಅಕ್ಷರ ನೋಡಿದ ಕೂಡಲೇ ಗುರುತಾಯಿತು. ಅದನ್ನು ಬರೆದವನೂ ಅವಳ ಗಂಡನೇ.

ಆ ಸಂಜೆ ಹೊರಗಿನ ಸ್ಟೌವ್ ಹಚ್ಚಲಿಲ್ಲ. ಎಲ್ಲರೂ ಕೋಸು ತಿಂದರು. ಗೆದ್ದವರ ಹಾಗೆ ಕಾಣಬೇಕಾಗಿದ್ದ ಅತ್ತೆ ತಟ್ಟೆಯಲ್ಲೇ ಅರ್ಧ ಬಿಟ್ಟು ಎದ್ದರು.

ಮರುದಿನ ಬೆಳಿಗ್ಗೆ ಐದು ಗಂಟೆಗೆ ಯಾರೋ ಸೊಸೆಯ ಕಾಲು ಅಲ್ಲಾಡಿಸಿದರು. ಅತ್ತೆ. ಕಾಲಲ್ಲಿ ಹಳೇ ಕೆಲಸದ ಬೂಟು, ಕೈಯಲ್ಲಿ ಕಳೆ ಕೀಳುವ ತುಕ್ಕು ಹಿಡಿದ ಕುರ್ಪಿ.

"ಏಳು. ಪಟ್ಟಿ ತಗೋ."

"ಎಲ್ಲಿಗೆ ಅತ್ತೆ?"

"ನೀನು ಎಂಟಕ್ಕೆ ಕೆಲಸಕ್ಕೆ ಹೋಗ್ಬೇಕು. ಮಾತಾಡ್ತಾ ಕೂತ್ರೆ ಆಗುತ್ತಾ?"

ಅತ್ತೆ ನಡೆದದ್ದು ಮೂವತ್ತು ವರ್ಷ ಪೊರಕೆ ಹಿಡಿದು ನಡೆದ ದಾರಿಯಲ್ಲೇ. ದಿನಕ್ಕೆ ಎಂಟರಂತೆ ಐದು ಬೆಳಗು. ಸೊಸೆ ಪಟ್ಟಿಯಿಂದ ಹೆಸರು ಓದಿದರೆ ಅತ್ತೆ ತಲೆಯೆತ್ತದೆ ವಿಳಾಸ ಹೇಳುತ್ತಿದ್ದರು.

"ಒಂದೆಲಗ?"

"ನೀರಿನ ಟ್ಯಾಂಕಿನ ಹಿಂದೆ. ಆ ಪೈಪು ಸೋರೋಕೆ ಶುರುವಾಗಿ ಹದಿನೆಂಟು ವರ್ಷ. ರಿಪೇರಿ ಮಾಡದೇ ಇದ್ದದ್ದು ಒಳ್ಳೇದಾಯ್ತು."

"ನೆಲನೆಲ್ಲಿ?"

"ಪ್ರೆಸ್ಸಿನ ಗೋಡೆ ಬುಡ."

"ನೆಗ್ಗಿಲು?"

"ರೈಲ್ವೆ ಗೇಟು. ಚಪ್ಪಲಿ ನೋಡ್ಕೊಂಡು ಇಡು, ಮುಳ್ಳು ಚುಚ್ಚಿದ್ರೆ ಪಟ್ಟಿ ಮರೆತುಹೋಗುತ್ತೆ."

ಸೊಸೆ ಒಮ್ಮೆ ನೆಲಕ್ಕೆ ಹರಡಿದ ಒಂದು ಗಿಡ ನೋಡಿ "ಗೋಣಿಸೊಪ್ಪು" ಎಂದು ಕಿತ್ತಳು. ಅತ್ತೆ ಅವಳ ಕೈಯಿಂದ ಕಸಿದು, ಕಾಂಡ ಮುರಿದು ಮೂಗಿನ ಮುಂದೆ ಹಿಡಿದರು. ಬಿಳಿ ಹಾಲು ಜಿನುಗಿತು.

"ಇದು ಅದರ ದಾಯಾದಿ. ಮುಖ ಒಂದೇ, ಬುದ್ಧಿ ಬೇರೆ. ಮುರಿದಾಗ ಹಾಲು ಬಂದ್ರೆ ಬಿಸಾಕು. ನಿಮ್ಮ ಮೇಷ್ಟ್ರು ಇದನ್ನ ಹೇಳ್ಲಿಲ್ವಾ?"

"ಪುಸ್ತಕದಲ್ಲಿ ಇತ್ತು. ನಾನೇ ಮರೆತೆ."

"ಹಸಿದವರು ಮರೆಯಲ್ಲ. ಮರೆತವರು ಬದುಕಲ್ಲ."

ನಿಜವಾದ ಗೋಣಿಸೊಪ್ಪು ಸಿಕ್ಕಿದ್ದು ನಾಲ್ಕನೇ ದಿನ, ಹಳೇ ಶಾಲೆಯ ಹಿಂಗೋಡೆಯ ಹತ್ತಿರ. ಅತ್ತೆ ಅಲ್ಲಿಗೆ ಬಂದವರು ಮೊದಲು ತಲೆಯೆತ್ತಿ ಶಾಲೆಯ ಕಿಟಕಿ ನೋಡಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕೀಳತೊಡಗಿದರು. ಎರಡೂ ಕೈ ಒಟ್ಟಿಗೆ, ಬೇರಿಗೆ ನೋವಾಗದ ಹಾಗೆ, ಯಂತ್ರದ ವೇಗದಲ್ಲಿ.

"ನಂಗಾಗ ಏಳು ವರ್ಷ," ಎಂದರು. "ಅಪ್ಪನ ಕಾರ್ಖಾನೆ ಬಾಗಿಲು ಹಾಕಿತ್ತು. ಎಂಟು ತಿಂಗಳು. ದಿನಾ ನಮ್ಮಮ್ಮ ಇಲ್ಲಿಗೆ ಕರ್ಕೊಂಡು ಬರೋಳು. ಬೇಯಿಸಿ ಉಪ್ಪು ಹಾಕಿದ್ರೆ ಅದೇ ಊಟ. ಉಪ್ಪಿಲ್ಲದ ದಿನ ಬರೀ ಬೇಯಿಸಿದ್ದು. ಒಳಗಿನ ಮಕ್ಕಳು ಆ ಕಿಟಕೀಲಿ ನಿಂತ್ಕೊಂಡು 'ಅಂಬಾ' ಅನ್ನೋರು."

ಸೊಸೆ ಕುರ್ಪಿ ಕೆಳಗಿಟ್ಟಳು. "ನೀವೇನು ಮಾಡ್ತಿದ್ರಿ?"

"ಒಂದಿನ ಒಬ್ಬನ ಕೈ ಕಚ್ಚಿದೆ. ಕಚ್ಚೋದು ಹಸುವಲ್ಲ ಅಂತ ಆವತ್ತು ಗೊತ್ತಾಯ್ತು ಅವರಿಗೆ."

ಇಬ್ಬರೂ ನಕ್ಕರು. ನಗುತ್ತಲೇ ಅತ್ತೆ ಮೂಗು ಒರೆಸಿಕೊಂಡರು. ಆ ಕಾರ್ಖಾನೆಯ ಮಾಲೀಕನ ಹೆಸರು ಇವತ್ತಿಗೂ ಊರಿನ ಒಂದು ರಸ್ತೆಗಿದೆ. ಆ ರಸ್ತೆಯನ್ನು ಗುಡಿಸಿದವರೂ ಅತ್ತೆಯೇ. ಎಂಟು ತಿಂಗಳು ಒಂದು ಓಣಿಯ ಮಕ್ಕಳನ್ನು ಸಾಯದಂತೆ ಹಿಡಿದಿಟ್ಟ ಗಿಡದ ಹೆಸರು ಮಾತ್ರ ಯಾವ ಕಂಬದ ಮೇಲೂ ಇಲ್ಲ.

ಕಡತಕ್ಕೆ ಬೇಕಾಗಿದ್ದದ್ದು ಒಂದೇ ಗಿಡ. ಅತ್ತೆಯ ಕೈ ಒಂದಕ್ಕೆ ನಿಲ್ಲಲಿಲ್ಲ. ಏಳುವಾಗ ಅವರ ಮಡಿಲು ತುಂಬಿತ್ತು. ಸೊಸೆ ಅದನ್ನು ನೋಡಿ, ನೋಡದವಳ ಹಾಗೆ ಪಟ್ಟಿಯಲ್ಲಿ ಗೆರೆ ಎಳೆದಳು.

ಒಣಗಿಸಲು ಅಷ್ಟು ದಿನ ಎಲ್ಲಿ? ಹಾಸಿಗೆ ಒಂದರಿಂದಲೇ ಆಗುವ ಕೆಲಸವಲ್ಲ. ಸೊಸೆ ಗಿಡಗಳನ್ನು ಪತ್ರಿಕೆಯಲ್ಲಿ ಸುತ್ತಿ ಆಸ್ಪತ್ರೆಗೇ ಒಯ್ದಳು. ಊಟದ ಬಿಡುವಿನಲ್ಲಿ ಇಸ್ತ್ರಿ ಮೇಜಿನ ಮೂವರು ಹೆಂಗಸರು ಡಬ್ಬಿ ಬಿಚ್ಚದೆ ನಿಂತು, ಡಾಕ್ಟರ ಕೋಟುಗಳನ್ನು ಪಕ್ಕಕ್ಕೆ ತಳ್ಳಿ, ಪತ್ರಿಕೆಗಳ ಮೇಲೆ ಇಸ್ತ್ರಿ ಎಳೆದರು. ಮೇಲ್ವಿಚಾರಕ ಬಂದು ಏನಿದು ಎಂದು ಕೇಳಿದ್ದಕ್ಕೆ, "ಹಳೇ ಪೇಪರು ಸುಕ್ಕಾಗಿತ್ತು ಸರ್" ಎಂದರು. ಆತ ತಲೆಯಾಡಿಸಿ ಹೋದ. ಹನ್ನೊಂದು ವರ್ಷದಲ್ಲಿ ಅಲ್ಲಿ ಯಾರೂ ಅಷ್ಟು ನಕ್ಕಿರಲಿಲ್ಲ.

ಗುರುವಾರ ಸಂಜೆ, ಅಷ್ಟರೊಳಗೆ ಒಣಗಿದ್ದನ್ನು ಹಾಳೆಗೆ ಹೊಲಿಯುವ ಕೆಲಸ ಶುರುವಾಯಿತು. ಬಿರಿದ ಬೆರಳಿಗೆ ಸೂಜಿ ಹಿಡಿಯಲಾಗದೆ ಸೊಸೆ ಬರೆಯಲು ಕೂತಳು, ಮೆಣಸು ಹೊಲಿದಳು. ಪೇಂಟರ್ ಕಡತದ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದ. ಮುಗಿಸಿ ಡಬ್ಬದ ಕಡೆ ನೋಡಿದ.

"ಅಪ್ಪಾ, ಕೈ," ಎಂದಳು ಮೆಣಸು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಅಡುಗೆಮನೆಯಿಂದ ಬೆಳ್ಳುಳ್ಳಿ ಬಾಡುವ ವಾಸನೆ ಬಂತು. ಒಳಗಿನ ಒಲೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅತ್ತೆ, ಗೋಣಿಸೊಪ್ಪಿನ ಹಾಳೆ ಬರೀತಿದ್ದೀನಿ," ಸೊಸೆ ಕೂಗಿ ಕೇಳಿದಳು. "ಯಾವ ರೋಗಕ್ಕೆ ಅಂತ ಬರೀಲಿ?"

"ಹಸಿವಿಗೆ," ಎಂದು ಒಳಗಿನಿಂದ ಉತ್ತರ ಬಂತು.

ಪುಸ್ತಕದಲ್ಲಿ ಬೇರೆ ಏನೇನೋ ಇತ್ತು. ಸೊಸೆ ಪುಸ್ತಕ ಮುಚ್ಚಿದಳು. ರೋಗ: ಹಸಿವು, ಎಂದು ಬರೆದಳು. ಮಾಹಿತಿ ಕೊಟ್ಟವರು: ನಮ್ಮ ಅತ್ತೆ, ಎಂಟು ತಿಂಗಳ ಅನುಭವ.

ಊಟಕ್ಕೆ ಅನ್ನ, ಬೇಳೆ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಗೋಣಿಸೊಪ್ಪು. ಅತ್ತೆ ಮೊದಲು ತಮ್ಮ ತಟ್ಟೆಗೇ ಬಡಿಸಿಕೊಂಡರು. ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಅಮ್ಮಾ, ಇದು ಕಳೆ ಅಲ್ವಾ?" ಎಂದ ಮಗ.

"ಬಾಯಿ ಮುಚ್ಕೊಂಡು ತಿನ್ನು."

"ಬಾಯಿ ಮುಚ್ಚಿದ್ರೆ ಹೇಗೆ ತಿನ್ನೋದು?"

"ಉಪ್ಪು ಸಾಕಾ?" ಎಂದು ಅತ್ತೆ ಸೊಸೆಯನ್ನು ಕೇಳಿದರು.

"ಸಾಕು ಅತ್ತೆ."

"ಇನ್ನೊಂಚೂರು ಹಾಕ್ತೀನಿ. ಮನೇಲಿ ಉಪ್ಪು ಇದೆಯಲ್ಲ," ಎಂದು ಡಬ್ಬ ತಂದು ಎಲ್ಲರ ತಟ್ಟೆಯ ತುದಿಗೂ ಒಂದೊಂದು ಚಿಟಿಕೆ ಇಟ್ಟರು.

ಶನಿವಾರ ನಾಲ್ಕೂವರೆಗೆ ಕಡತ ಒಪ್ಪಿಸಿ, ಭಾನುವಾರ ಸೊಸೆ ಬರವಣಿಗೆಯ ಪರೀಕ್ಷೆಗೆ ಕೂತಳು. ಮೂರು ವಾರದ ಮೇಲೆ ಲಕೋಟೆ, ಕಡತ ಎರಡೂ ಕೈಗೆ ಬಂದವು. ಮೆಣಸು ಲಕೋಟೆಯನ್ನು ಹಲ್ಲಿನಲ್ಲೇ ಹರಿದಳು.

"ಎಪ್ಪತ್ತೊಂದು."

"ಇನ್ನೊಂದ್ಸಲ ಓದು," ಎಂದಳು ಸೊಸೆ. ಮೆಣಸು ಓದಿದಳು. ಆಗಲೂ ಎಪ್ಪತ್ತೊಂದೇ. ಪೇಂಟರ್ ಹೆಂಡತಿಯ ಬಿರಿದ ಕೈ ಎರಡನ್ನೂ ಹಿಡಿದುಕೊಂಡು ನಿಂತ. ಮುಂದಿನ ತಿಂಗಳ ಒಂದನೇ ತಾರೀಖು ಗಿಡಮೂಲಿಕೆ ಕೋಣೆಗೆ ವರದಿ ಮಾಡಿಕೊಳ್ಳಬೇಕು ಎಂದು ಕೆಳಗೆ ಬರೆದಿತ್ತು. ಈ ಸಲದ ಮುಂದಿನ ತಿಂಗಳು ನಿಜವಾದ ಮುಂದಿನ ತಿಂಗಳು.

ಅತ್ತೆ ಮಾತ್ರ ಕಡತ ಎಳೆದುಕೊಂಡು ಕೂತಿದ್ದರು. ಓದಲು ಬರದಿದ್ದರೂ ಕೆಂಪು ಶಾಯಿ ಕಾಣುತ್ತಿತ್ತು. "ಮೆಣಸೂ, ಇಲ್ಲಿ ಏನೋ ಗೀಚಿದಾರೆ. ಏನದು?"

"ಗೋಣಿಸೊಪ್ಪಿನ ಹಾಳೆ ಅಜ್ಜಿ. 'ಹಸಿವು ರೋಗವಲ್ಲ. ಎರಡು ಅಂಕ ಕಡಿತ' ಅಂತ ಬರೆದಿದಾರೆ."

"ಏನಲ್ಲ?"

"ರೋಗ ಅಲ್ವಂತೆ."

"ಬಿಡಮ್ಮಾ," ಎಂದ ಮಗ. "ಪಾಸಾಯ್ತಲ್ಲ. ಎರಡು ಅಂಕಕ್ಕೆ ಯಾಕೆ ತಲೆ ಕೆಡಿಸ್ಕೋತೀಯ."

"ಅಂಕ ನಿಮ್ಮದು, ನಾನು ಕೇಳಲ್ಲ. ಹಸಿವು ನಂದು." ಅತ್ತೆ ಎದ್ದು ಗೋಡೆಯ ಮೊಳೆಯಿಂದ ಬಲೆಚೀಲ ತೆಗೆದರು. "ಆ ಪರೀಕ್ಷಕರು ಕೂರೋದು ಎಲ್ಲಿ?"

"ಆಸ್ಪತ್ರೆ ಎರಡನೇ ಮಹಡಿ," ಎಂದಳು ಸೊಸೆ. ಅವಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು. "ನಾಳೆ ನಂಗೆ ರಜಾ. ನಾನೂ ಬರ್ತೀನಿ ಅತ್ತೆ. ಈಗಲೇ ಹೋಗಿ ಸೊಪ್ಪು ಕಿತ್ಕೊಂಡು ಬರೋಣ."

ಮರುದಿನ ಅತ್ತೆ ಒಳಗಿನ ಒಲೆಯ ಮೇಲೆ ಗೋಣಿಸೊಪ್ಪು ಬಾಡಿಸಿ, ಬಿಸಿಯಾಗಿ ಡಬ್ಬಕ್ಕೆ ತುಂಬಿ, ಡಬ್ಬವನ್ನು ಬಟ್ಟೆಯಲ್ಲಿ ಸುತ್ತಿ ಬಲೆಚೀಲದಲ್ಲಿಟ್ಟರು. ಅದರ ಮೇಲೆ, ಬೀದಿಗೆ ಕಾಣುವ ಹಾಗೆ, ಒಂದು ಕಟ್ಟು ಹಸಿ ಸೊಪ್ಪು.

"ಆ ಮಹಾನುಭಾವರು ಊಟಕ್ಕೆ ಏಳೋದು ಎಷ್ಟೊತ್ತಿಗೆ?"

"ಒಂದು ಗಂಟೆಗೆ."

"ಹನ್ನೆರಡೂ ಮುಕ್ಕಾಲಿಗೆ ಒಳಗೆ ಹೋಗೋಣ. ಮೂರರ ತನಕ ಮಾತಾಡಿಸ್ತೀನಿ. ಆಮೇಲೆ ಡಬ್ಬದ ಮುಚ್ಚಳ ತೆಗೀತೀನಿ. ರೋಗ ಹೌದೋ ಅಲ್ವೋ, ಅವರ ಹೊಟ್ಟೇನೇ ಹೇಳಲಿ."

ಬಾಗಿಲು ದಾಟಿದ ಮೇಲೆ ಸೊಸೆ ಹತ್ತಿರದ ಓಣಿಯ ಕಡೆ ತಿರುಗಿದಳು. ಅತ್ತೆ ಅವಳ ತೋಳು ಹಿಡಿದು ದೊಡ್ಡ ಬೀದಿಗೆ ಎಳೆದರು.